ಕೈಗುಣವೆಂಬ ವಿದ್ಯೆ

ಹೆರಿಗೆ ಸುಸೂತ್ರವಾಗಿ ನೆರವೇರಿದ ಮನೆಗಳಲ್ಲಿ ಹಿರಿಯ ಹೆಂಗಸರು ಆಡುವ ಮಾತೊಂದುಂಟು: ‘ಅವಳ ಕೈಗುಣ ಒಳ್ಳೆಯದು.’ ಸೂಲೆಂದರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿದ್ದು, ಶಾಲೆಯ ಮೆಟ್ಟಿಲು ಹತ್ತದೆಯೇ 15,000ಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ನರಸಮ್ಮನವರಿಗೆ ಆ ವೃತ್ತಿನಾಮವೇ ಬಿರುದಾಗಿ ನಿಂತಿತು. ಆದರೆ ಕೈಗುಣವನ್ನು ದೈವದತ್ತವೆಂದು ಬಗೆದು ಕೈಮುಗಿದು ಸುಮ್ಮನಾಗುವುದು, ಅದನ್ನು ವರುಷಗಟ್ಟಲೆ ದುಡಿದು ಗಳಿಸಿದವರಿಗೆ ನಾವು ಮಾಡುವ ಅನ್ಯಾಯವೆಂದೇ ನನಗೆ ತೋರುತ್ತದೆ.

ಇಂದು ಆ ವಿದ್ಯೆಯ ವಾರಸುದಾರಳು ಹೆರಿಗೆ ವಾರ್ಡಿನ ಶುಶ್ರೂಷಕಿ, ಬಾಣಂತಿಯರ ಬಾಯಲ್ಲಿ ‘ಸಿಸ್ಟರಮ್ಮ’. ಗರ್ಭಿಣಿಯ ಹೊಟ್ಟೆಯನ್ನು ಮುಟ್ಟುವ ಮುನ್ನ ಆಕೆ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು ಬರಿಯ ದಾಕ್ಷಿಣ್ಯಕ್ಕಲ್ಲ. ತಣ್ಣನೆಯ ಕೈ ಸೋಕಿದರೆ ಸ್ನಾಯುಗಳು ಬಿಗಿದುಕೊಂಡು ಒಳಗಿರುವ ಶಿಶುವಿನ ಅಂಗವಿನ್ಯಾಸ ಬೆರಳಿಗೆ ಸಿಕ್ಕದು. ಮೇಲಿರುವುದು ತಲೆಯೋ ಪೃಷ್ಠವೋ, ಬೆನ್ನು ಯಾವ ಮಗ್ಗುಲಿಗಿದೆ, ತಲೆ ಕೆಳಗಿಳಿದು ನೆಲೆಗೊಂಡಿತೋ ಇನ್ನೂ ತೇಲುತ್ತಿದೆಯೋ ಎಂಬುದನ್ನೆಲ್ಲ ಎರಡು ಅಂಗೈಗಳಿಂದಲೇ ಓದಿಕೊಂಡು, ಶಿಶುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರ ಮೇರೆಯಲ್ಲಿದೆಯೆ ಎಂದು ಆಲಿಸಿ, 10 ನಿಮಿಷದಲ್ಲಿ ನೋವು ಎಷ್ಟು ಬಾರಿ ಬಂದು ಎಷ್ಟು ಹೊತ್ತು ನಿಂತಿತೆಂಬುದನ್ನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಎಣಿಸುವಳು. ‘ಈಗಲೇ ಮುಕ್ಕಬೇಡ ತಾಯಿ, ಬಾಯಲ್ಲಿ ಉಸಿರು ಬಿಡು’ ಎಂಬ ಆಕೆಯ ಮಾತೂ ಚಿಕಿತ್ಸೆಯೇ.

ಕೈಯ ಮಾತು ಬಂದುದರಿಂದ ವಿಯೆನ್ನಾ ನಗರದ ಹಳೆಯ ಕಥೆಯೊಂದನ್ನು ನೆನೆಯಬೇಕು. ಅಲ್ಲಿನ ದೊಡ್ಡಾಸ್ಪತ್ರೆಯ ಎರಡು ಹೆರಿಗೆ ವಿಭಾಗಗಳಲ್ಲಿ, ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದುದಕ್ಕಿಂತ ಸೂಲಗಿತ್ತಿಯರು ಕಲಿಯುತ್ತಿದ್ದುದರಲ್ಲಿ ಬಾಣಂತಿಯರ ಸಾವು ಬಹಳ ಕಡಮೆಯಾಗಿದ್ದಿತು. ಬಡ ಹೆಂಗಸರು ಆ ವಿಭಾಗಕ್ಕೇ ಸೇರಿಸಿಕೊಳ್ಳಿರೆಂದು ಅಂಗಲಾಚುತ್ತಿದ್ದರು. ಶವಚ್ಛೇದನದಿಂದ ನೇರವಾಗಿ ಬರುತ್ತಿದ್ದ ಕೈಗಳೇ ಸೂತಿಕಾಜ್ವರವನ್ನು ತರುತ್ತಿವೆಯೆಂದು ಕಂಡುಕೊಂಡ ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್, 1847ರಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯುವುದನ್ನು ಕಡ್ಡಾಯಮಾಡಿದೊಡನೆ ಸಾವು ಇಳಿಯಿತು. ಆತನ ಕಾಲದ ದೊಡ್ಡವರು ಮಾತ್ರ ಅದನ್ನು ಬೇಗನೆ ಒಪ್ಪಲಿಲ್ಲ. ಕೈ ಕೊಳೆಯಾಗಿದೆಯೆಂದರೆ ಯಾವ ಪಂಡಿತನಿಗೆ ಹಿತವಾದೀತು?

ಶಿಶು ಅತ್ತೊಡನೆ ಎಲ್ಲ ಮುಗಿಯಿತೆಂದು ಹೊರಗಿನವರು ಭಾವಿಸುವರು; ಶುಶ್ರೂಷಕಿಗೆ ಆತಂಕದ ಹೊತ್ತು ಆಗ ತೊಡಗುತ್ತದೆ. ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು. ಮಾಸು ಬಿದ್ದ ಬಳಿಕ ಅದನ್ನು ಅಂಗೈಯ ಮೇಲೆ ಹರಡಿ, ಎಲ್ಲಿಯಾದರೂ ತುಣುಕು ಹರಿದು ಒಳಗೇ ಉಳಿಯಿತೆ ಎಂದು ಪರೀಕ್ಷಿಸಬೇಕು. ಮುಂದಿನ ಎರಡು ಗಂಟೆ, 15 ನಿಮಿಷಕ್ಕೊಮ್ಮೆ ಹೊಕ್ಕುಳ ಬಳಿ ಒತ್ತಿ ನೋಡಬೇಕು: ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿದ್ದರೆ ನೆಮ್ಮದಿ, ಮೆತ್ತಗಿದ್ದರೆ ರಕ್ತ ಹರಿಯುತ್ತಿದೆಯೆಂದೇ ಶಂಕೆ. ಎಷ್ಟೋ ವೇಳೆ ಮೂತ್ರ ತುಂಬಿರುವುದೇ ಅದಕ್ಕೆ ಕಾರಣವಾಗಿರುತ್ತದೆ. ತಿಳಿದವಳು ಮೊದಲು ಅದನ್ನೇ ವಿಚಾರಿಸುವಳು.

ಆ ಹೊತ್ತಿನಲ್ಲಿ ನೆಂಟರೆಲ್ಲ ಕೂಸಿನ ಸುತ್ತ ನೆರೆದು ಮೂಗು ಅಪ್ಪನದೋ ಅಜ್ಜನದೋ ಎಂದು ಚರ್ಚಿಸುತ್ತಿರುವರು. ಅವರಲ್ಲೊಬ್ಬರಾದರೂ ಹೆತ್ತವಳ ಮಂಚದ ಬಳಿ ನಿಂತಿರಲಿ. ಹಾಸಿದ ಬಟ್ಟೆ ಮತ್ತೆ ಮತ್ತೆ ತೊಯ್ಯುತ್ತಿದ್ದರೆ, ಆಕೆ ಬೆವರಿ ತಣ್ಣಗಾದರೆ, ಸಂಕೋಚ ಪಡದೆ ಸಿಸ್ಟರಮ್ಮನನ್ನು ಕೂಗಿರಿ.