ಉಂಡದ್ದನ್ನೆಲ್ಲ ಕಕ್ಕುವ ಬೆಕ್ಕು

ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿರುವ ಬಿಳಿಕೆರೆಯಂಥ ಊರುಗಳಲ್ಲಿ ಬೆಕ್ಕನ್ನು ಯಾರೂ ಹಣ ಕೊಟ್ಟು ತರುವುದಿಲ್ಲ. ರಾಗಿಯ ಮೂಟೆಗೆ ಇಲಿಯ ಕಾಟ ಹೆಚ್ಚಿತೆಂದರೆ ನೆರೆಮನೆಯಿಂದ ಒಂದು ಮರಿ ಬಂದು ಸೇರುತ್ತದೆ. ಅದು ತಿಂದದ್ದನ್ನು ಕಕ್ಕಿದರೆ ಹಿತ್ತಲಿನ ಮಣ್ಣು ಅದನ್ನು ಮುಚ್ಚಿಕೊಳ್ಳುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ದಿನಗಳ ಮೇಲೆ, “ಬೆಕ್ಕು ಎಲ್ಲಿಯೋ ಹೋಯಿತು” ಎಂಬ ಒಂದು ಮಾತಿನಲ್ಲಿ ಅದರ ಕಥೆ ಮುಗಿದುಹೋಗುವುದೂ ಉಂಟು.

ನಗರದ ಮನೆಯಲ್ಲಿ ಹಾಗಲ್ಲ. ಅಲ್ಲಿ ಬೆಕ್ಕು ಕಕ್ಕುವುದು ನಡುಮನೆಯ ಜಮಖಾನದ ಮೇಲೆ. ಗೃಹಿಣಿ ಮೂಗು ಮುಚ್ಚಿಕೊಂಡು ಬಟ್ಟೆ ತರುತ್ತಾಳೆ. ಯಜಮಾನರು “ಬೆಕ್ಕಿನ ಜಾತಿಯೇ ಹಾಗೆ” ಎಂದು ಪತ್ರಿಕೆಯ ಪುಟ ತಿರುಗಿಸುತ್ತಾರೆ. ಈ ಮಾತು ಅರ್ಧ ಸತ್ಯ. ಬೆಕ್ಕು ಅಪರೂಪಕ್ಕೊಮ್ಮೆ ಕಕ್ಕಿದರೆ ಗಾಬರಿಗೆ ಕಾರಣವಿಲ್ಲ. ಆದರೆ ವಾರವಾರವೂ, ಉಂಡಾಗಲೆಲ್ಲ ಕಕ್ಕುವುದು ಯಾವ ಜಾತಿಯ ಗುಣವೂ ಅಲ್ಲ. ಅದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ.

ಒರೆಸುವ ಮುನ್ನ ನೋಡಿ

ಉಂಡ ಕೆಲವೇ ನಿಮಿಷಗಳಲ್ಲಿ, ಹೊಟ್ಟೆ ಕಿವುಚದೆ, ತಿಂದದ್ದು ತಿಂದಂತೆಯೇ ಕೊಳವೆಯಾಕಾರದಲ್ಲಿ ಹೊರಬಿದ್ದರೆ ಅನ್ನ ಜಠರವನ್ನು ಮುಟ್ಟಿಯೇ ಇಲ್ಲವೆಂದು ತಿಳಿಯಬೇಕು. ಆತುರದಿಂದ ನುಂಗಿದ್ದೇ ಇದಕ್ಕೆ ಬಹುಮಟ್ಟಿಗೆ ಕಾರಣ; ಆದರೆ ಪದೇ ಪದೇ ಹೀಗಾದರೆ ಅನ್ನನಾಳದಲ್ಲಿಯೇ ದೋಷವಿರಬಹುದು. ಪಕ್ಕೆಗಳನ್ನು ಕುಗ್ಗಿಸಿ, ಓಕರಿಸಿ, ಅರೆ ಜೀರ್ಣವಾದ ಆಹಾರವನ್ನೋ ಹಳದಿ ಪಿತ್ತವನ್ನೋ ಹೊರಹಾಕಿದರೆ ಅದು ನಿಜವಾದ ವಾಂತಿ. ಬತ್ತಿಯಂತೆ ಹೊಸೆದ ಕೂದಲು ಬಿದ್ದಿದ್ದರೆ ಕಾರಣ ಬೆಕ್ಕಿನ ನಾಲಗೆಯಲ್ಲಿದೆ. ಆ ನಾಲಗೆಯ ಮೇಲಿನ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿರುವುದರಿಂದ ಮೈ ನೆಕ್ಕಿದಾಗ ಸಿಕ್ಕಿದ ಕೂದಲನ್ನು ಬೆಕ್ಕು ಉಗುಳಲಾರದು, ನುಂಗಲೇಬೇಕು. ದಿನವೂ ಮೈ ಬಾಚಿದರೆ ಈ ತೊಂದರೆ ತಗ್ಗುತ್ತದೆ. ಮರಿಗಳ ವಾಂತಿಯಲ್ಲಿ ದಾರದಂಥ ಹುಳು ಕಂಡರೆ ವೈದ್ಯರನ್ನು ಕೇಳಿ ಜಂತುಹುಳುವಿನ ಔಷಧ ಕೊಡಿಸಬೇಕು.

ಆತಿಥ್ಯದ ದೋಷ

ಬಹಳ ಮನೆಗಳಲ್ಲಿ ದೋಷ ಬೆಕ್ಕಿನದಲ್ಲ, ಬಡಿಸುವವರದು. ಹಗಲೆಲ್ಲ ಹಸಿದ ಬೆಕ್ಕಿಗೆ ರಾತ್ರಿ ಒಮ್ಮೆಗೇ ತುಂಬಿದ ಬಟ್ಟಲನ್ನಿಟ್ಟರೆ ಅದು ಗಬಗಬನೆ ನುಂಗುತ್ತದೆ. ಪಕ್ಕದಲ್ಲಿ ಇನ್ನೊಂದು ಬೆಕ್ಕಿದ್ದರಂತೂ ಹೇಳುವುದೇ ಬೇಡ. ಅದೇ ಆಹಾರವನ್ನು ಮೂರು ನಾಲ್ಕು ಸಲಕ್ಕೆ ಹಂಚಿ, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಎರಡು ಬೆಕ್ಕುಗಳಿದ್ದರೆ ಬೇರೆ ಬೇರೆ ಮೂಲೆಯಲ್ಲಿ ಇಟ್ಟು ನೋಡಬೇಕು. ಹೊಸ ಆಹಾರಕ್ಕೆ ಬದಲಿಸುವಾಗ ಒಂದು ವಾರದುದ್ದಕ್ಕೂ ಹಳೆಯದರೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು.

ಇನ್ನು ಹಾಲು. ತೆನ್ನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದ ಕಥೆಗೆ ಎಲ್ಲರೂ ನಗುತ್ತಾರೆ. ಆದರೆ ಮರಿತನ ಕಳೆದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹೆಚ್ಚಿನ ಬೆಕ್ಕುಗಳಲ್ಲಿ ಕುಗ್ಗುತ್ತದೆಂಬುದು ಕಥೆಯಲ್ಲ. ಪ್ರೀತಿಯಿಂದ ಎರೆದ ಹಾಲೇ ಹೊಟ್ಟೆ ಕೆಡಿಸಬಹುದು; ಅದಕ್ಕೆ ಬೇಕಾದದ್ದು ಶುದ್ಧವಾದ ನೀರು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನವಂತೂ ಅದರ ರಕ್ತಕಣಗಳಿಗೇ ವಿಷ.

ತಡಮಾಡಬಾರದ ಹೊತ್ತು

ಹೂವಿನ ಮಾಲೆಯ ದಾರವೋ ಹೊಲಿಗೆಯ ನೂಲೋ ಆ ಮುಳ್ಳುನಾಲಗೆಗೆ ಸಿಕ್ಕಿದರೆ ಅದೂ ಕೂದಲಿನಂತೆಯೇ ಒಳಗಿಳಿಯುತ್ತದೆ. ಕರುಳನ್ನು ನೆರಿಗೆಯಂತೆ ಸುರುಟಿಸಿ ಕೊಯ್ದುಬಿಡಬಹುದು. ಬಾಯಿಯಲ್ಲಿ ದಾರದ ತುದಿ ಕಂಡರೂ ಎಳೆಯಕೂಡದು. ಅದು ವೈದ್ಯರ ಕೆಲಸ. ಇಲಿಪಾಷಾಣವನ್ನೋ ಅದನ್ನು ತಿಂದ ಇಲಿಯನ್ನೋ ತಿಂದ ಬೆಕ್ಕಿನ ಪ್ರಾಣಕ್ಕೂ ಅಪಾಯವುಂಟು. ಹುಣಸೂರು, ಪಿರಿಯಾಪಟ್ಟಣಗಳ ಸೀಮೆ ಹೊಗೆಸೊಪ್ಪಿನದು. ಸೊಪ್ಪಿನಲ್ಲಿರುವ ನಿಕೋಟಿನ್ ಆಗಲಿ, ಹೊಲಕ್ಕೆ ಹೊಡೆದ ಕೀಟನಾಶಕವಾಗಲಿ ಮೈಗಂಟಿದರೆ ಬೆಕ್ಕು ಅದನ್ನೂ ನೆಕ್ಕಿ ನುಂಗುತ್ತದೆ. ವಾಂತಿಯೊಡನೆ ಜೊಲ್ಲು, ನಡುಕ ಕಂಡರೆ ವಿಷವೆಂದೇ ಶಂಕಿಸಬೇಕು.

ದಿನವೊಂದರಲ್ಲಿ ಹಲವು ಸಲ ವಾಂತಿ, ಅದರಲ್ಲಿ ರಕ್ತ, ನೀರೂ ನಿಲ್ಲದಿರುವುದು, ಮಂಕು ಕವಿದು ಮೂಲೆ ಸೇರುವುದು – ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರಲ್ಲಿಗೆ ಒಯ್ಯಬೇಕು. ಲಸಿಕೆಯಿಲ್ಲದ ಮರಿಗೆ ವಾಂತಿ, ಭೇದಿ ಹತ್ತಿದರೆ ಒಂದು ರಾತ್ರಿ ಕಾಯುವುದೂ ಹೆಚ್ಚು. ಮುದಿ ಬೆಕ್ಕು ಇಳಿದುಹೋಗುತ್ತ, ಅತಿಯಾಗಿ ನೀರು ಕುಡಿಯುತ್ತ, ಆಗಾಗ ಕಕ್ಕುತ್ತಿದ್ದರೆ ಮೂತ್ರಪಿಂಡವನ್ನು ಪರೀಕ್ಷಿಸಬೇಕು.

ಮನೆಮದ್ದಿನ ಮೋಹ

‘ಲಂಘನಂ ಪರಮೌಷಧಂ’ ಎಂಬ ಮಾತನ್ನು ಮನುಷ್ಯರು ತಮಗೇ ಇಟ್ಟುಕೊಳ್ಳುವುದು ಲೇಸು. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಮಾರಕವಾಗಬಹುದು. ಮೈ ತುಂಬಿಕೊಂಡ ಬೆಕ್ಕಿಗೆ ಈ ಭಯ ಇನ್ನೂ ಹೆಚ್ಚು. ಮನುಷ್ಯರ ಮಾತ್ರೆಗಳ ವಿಷಯವೂ ಅಷ್ಟೇ. ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಸಾಕು, ಬೆಕ್ಕಿನ ಪ್ರಾಣ ತೆಗೆಯಲು. ಅದನ್ನು ಅರಗಿಸಿ ಹೊರಹಾಕುವ ಸಾಮರ್ಥ್ಯ ಅದರ ಯಕೃತ್ತಿಗಿಲ್ಲ.

ಆದುದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವವರು ಬೆಕ್ಕು ಕಕ್ಕಿದ ದಿನಕ್ಕೂ ಒಂದು ಗುರುತು ಹಾಕಲಿ. ಏನು ತಿಂದಿತು, ಎಷ್ಟು ಹೊತ್ತಿಗೆ ಕಕ್ಕಿತು, ಏನು ಬಿತ್ತು ಎಂದು ಎರಡು ಮಾತು ಬರೆಯಲಿ. ಬಾಯಿಲ್ಲದ ಪ್ರಾಣಿಯ ಪರವಾಗಿ ವೈದ್ಯರಿಗೆ ಹೇಳಬಹುದಾದದ್ದೆಲ್ಲ ಅಷ್ಟರಲ್ಲಿದೆ. ಹಿತ್ತಲಿನ ಬೆಕ್ಕಿಗೆ ಇಲ್ಲದ ಒಂದು ಭಾಗ್ಯ ನಡುಮನೆಯ ಬೆಕ್ಕಿಗುಂಟು: ಅದರ ಸಂಕಟ ಮನೆಯವರ ಕಣ್ಣಿಗೆ ಬೀಳುತ್ತದೆ. ಬಟ್ಟೆ ತಂದು ಒರೆಸುವ ಮುನ್ನ ಒಂದು ಗಳಿಗೆ ಬಾಗಿ ನೋಡಿದರೆ ಆ ಭಾಗ್ಯ ಸಾರ್ಥಕವಾದೀತು.