ಗಣಕಸ್ಮೃತಿಗಳ ಪೈಪೋಟಿ

ಔರಾದಿನಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಮನೆಯ ಹಳೆಯ ಗಣಕಯಂತ್ರಕ್ಕೆಂದು, ಕೂಡಿಟ್ಟ ಹಣದಿಂದ, ಬೀದರಿನಲ್ಲಿ ಒಂದು ಸ್ಮೃತಿಫಲಕವನ್ನು ಕೊಂಡನು. ಮನೆಗೆ ಹೋಗಿ ನೋಡಿದರೆ ಫಲಕದ ಅಂಚಿನ ಕಚ್ಚು ಯಂತ್ರದ ಗೂಡಿಗೆ ಹೊಂದಲಿಲ್ಲ. ಬೇಕಾಗಿದ್ದುದು ಡಿಡಿಆರ್-3, ತಂದದ್ದು ಡಿಡಿಆರ್-4. ಒಂದೇ ಕೆಲಸಕ್ಕೆ ಇಷ್ಟೊಂದು ಬಗೆಗಳೇಕೆ ಎಂಬುದು ಅವನ ಪ್ರಶ್ನೆ.

ಮೊದಲು ಸ್ಮೃತಿಯ ಕ್ರಿಯೆಯನ್ನು ತಿಳಿಯೋಣ. 1968ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬುವರು ಪೇಟೆಂಟು ಪಡೆದ ರಚನೆಯಲ್ಲಿ, ಒಂದು ಟ್ರಾನ್ಸಿಸ್ಟರು ಮತ್ತು ಒಂದು ಪುಟ್ಟ ವಿದ್ಯುದ್ಧಾರಕ ಸೇರಿ ಒಂದು ಬಿಟ್ಟನ್ನು ಕಾಪಾಡುತ್ತವೆ. ಧಾರಕದಲ್ಲಿ ವಿದ್ಯುದಂಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಇದು ಸೋರುವ ಗಡಿಗೆ. ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬುತ್ತಿರಬೇಕು. ಕರೆಂಟು ಹೋದೊಡನೆ, ಡಿಸ್ಕಿನಲ್ಲಿ ಉಳಿಸದಿದ್ದ ಬರವಣಿಗೆ ಮಾಯವಾಗುವುದು ಈ ಕಾರಣದಿಂದಲೇ. ಆರು ಟ್ರಾನ್ಸಿಸ್ಟರುಗಳ ಸ್ಥಿರ ಕೋಶಕ್ಕೆ ಹೀಗೆ ಮತ್ತೆ ಮತ್ತೆ ತುಂಬುವ ಕೆಲಸವಿಲ್ಲ, ವೇಗವೂ ಹೆಚ್ಚು. ಆದರೆ ಅದಕ್ಕೆ ಸ್ಥಳವೂ ವೆಚ್ಚವೂ ಹೆಚ್ಚು. ಆದುದರಿಂದ ಅದು ಸಂಸ್ಕಾರಕದೊಳಗಿನ ಸಣ್ಣ ಸ್ಮೃತಿಗೆ ಮೀಸಲಾಯಿತು. ಮುಖ್ಯ ಸ್ಮೃತಿಗೆ ಸೋರುವ ಗಡಿಗೆಯೇ ಗತಿಯಾಯಿತು.

ಕೋಶದಿಂದ ಸಂಸ್ಕಾರಕಕ್ಕೆ ಮಾಹಿತಿಯನ್ನು ಒಯ್ಯುವ ದಾರಿ ಯಾವುದು? ಈ ವಿಷಯದಲ್ಲಿ 2000ದ ಸುಮಾರಿಗೆ ದೊಡ್ಡ ಪೈಪೋಟಿ ನಡೆಯಿತು. ರ‍್ಯಾಂಬಸ್ ಸ್ಮೃತಿಯದು ಕಿರಿದಾದ, ರಭಸದ ಕಾಲುವೆ: 16 ತಂತಿಗಳು, ಪ್ರತಿಯೊಂದರಲ್ಲೂ ಸೆಕೆಂಡಿಗೆ 80 ಕೋಟಿ ಬಿಟ್‌ಗಳು. ಎಂಟು ಬಿಟ್‌ಗೆ ಒಂದು ಬೈಟ್‌ನಂತೆ 160 ಕೋಟಿ ಬೈಟ್‌ಗಳಾದುವು. ಡಿಡಿಆರ್‌ನದು ಅಗಲವಾದ, ನಿಧಾನದ ಕಾಲುವೆ: 64 ತಂತಿಗಳು, ಪ್ರತಿಯೊಂದರಲ್ಲೂ ಸುಮಾರು 26.6 ಕೋಟಿ ಬಿಟ್‌ಗಳು. ಒಟ್ಟು ಸುಮಾರು 213 ಕೋಟಿ ಬೈಟ್‌ಗಳು. 2000ದಲ್ಲಿ ಬಂದ ಪೆಂಟಿಯಂ-4 ಯಂತ್ರಗಳು ಎರಡು ರ‍್ಯಾಂಬಸ್ ಕಾಲುವೆಗಳನ್ನು ಜೋಡಿಸಿ 320 ಕೋಟಿಯನ್ನು ಮುಟ್ಟಿದುವು. ಹಾಗಿದ್ದೂ ಗೆದ್ದದ್ದು ಡಿಡಿಆರ್. ಕಾರಣವೇನು?

ಬೀದರಿನ ನೌಬಾದಿನ ಕರೇಜನ್ನು, ಅಂದರೆ ಬಹಮನಿ ಅರಸರ ಕಾಲದ ಸುರಂಗ ಕಾಲುವೆಯನ್ನು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರ ಬಾವಿಗಳೆಲ್ಲ ಒಂದೇ ಹರಿವಿನ ಮೇಲೆ ಸಾಲಾಗಿವೆ. ನಡುವೆ ಹೂಳು ಕಟ್ಟಿದರೆ ಮುಂದೆ ನೀರಿಲ್ಲ. ರ‍್ಯಾಂಬಸ್ ಸ್ಮೃತಿಯಲ್ಲಿಯೂ ಸಂಕೇತವು ಒಂದು ಫಲಕವನ್ನು ಹಾಯ್ದು ಇನ್ನೊಂದಕ್ಕೆ ಹೋಗಬೇಕಾಗಿತ್ತು. ಗೂಡು ಖಾಲಿಯಿದ್ದರೆ, ದಾರಿ ಕಡಿಯದಂತೆ ಅಲ್ಲೊಂದು ಹುಸಿ ಫಲಕವನ್ನು ಇಡಬೇಕಾಗಿತ್ತು. ಇದರ ಮೇಲೆ ತಯಾರಿಕೆಯ ವೆಚ್ಚವೂ ಪರವಾನಗಿಯ ಶುಲ್ಕವೂ ಸೇರಿ ಬೆಲೆ ಏರಿತು. ಡಿಡಿಆರ್ ಆದರೋ ಅನೇಕ ತಯಾರಕರು ಕೂಡಿ ಒಪ್ಪಿದ ಮಾನಕ. 2002ರ ವೇಳೆಗೆ ಇಂಟೆಲ್ ಸಂಸ್ಥೆಯೇ ಆ ಕಡೆಗೆ ಹೊರಳಿತು. ರ‍್ಯಾಂಬಸ್ ಯಂತ್ರಗಳನ್ನು ಕೊಂಡಿದ್ದವರು ಮಾತ್ರ ಮುಂದೆಯೂ ದುಬಾರಿ ಫಲಕಗಳನ್ನೇ ಹುಡುಕಬೇಕಾಯಿತು.

ಡಿಡಿಆರ್‌ನ ತಲೆಮಾರುಗಳಲ್ಲಿಯೂ ವಿದ್ಯುದೊತ್ತಡ ಇಳಿಯುತ್ತ ಬಂದಿದೆ: ಮೂರನೆಯದಕ್ಕೆ 1.5, ನಾಲ್ಕನೆಯದಕ್ಕೆ 1.2, ಐದನೆಯದಕ್ಕೆ 1.1 ವೋಲ್ಟ್. ತಪ್ಪು ಫಲಕ ತಪ್ಪು ಗೂಡನ್ನು ಸೇರದಿರಲೆಂದೇ ಕಚ್ಚಿನ ಸ್ಥಾನವನ್ನು ಬದಲಿಸಿದ್ದಾರೆ. ಔರಾದಿನ ಹುಡುಗನನ್ನು ತಡೆದ ಕಚ್ಚು ಅವನ ಯಂತ್ರವನ್ನು ಕಾಪಾಡಿತು. ಬೀದರಿನಲ್ಲಾಗಲಿ ಭಾಲ್ಕಿಯಲ್ಲಾಗಲಿ ಫಲಕವನ್ನು ಕೊಳ್ಳುವ ಮುನ್ನ, ಹಳೆಯದರ ಮೇಲಿನ ಚೀಟಿಯನ್ನು ಒಮ್ಮೆ ಓದಿಕೊಳ್ಳಿರಿ.