ಅಟ್ಟದ ಫ್ಯಾನ್

ಅಟ್ಟದ ಫ್ಯಾನ್ ಎಂಬುದು ಇಳಿಜಾರು ಛಾವಣಿಯ ಕೆಳಗಿನ ಅಟ್ಟದಲ್ಲಿ ತುಂಬಿಕೊಳ್ಳುವ ಬಿಸಿಗಾಳಿಯನ್ನು ಹೊರಹಾಕುವ ವಿದ್ಯುತ್ ಸಾಧನ. ಮರದ ಚೌಕಟ್ಟಿನ ಮನೆಗಳು ಹೆಚ್ಚಾಗಿರುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಬಹಳವಾಗಿ ಬಳಕೆಯಲ್ಲಿದೆ. ಅಲ್ಲಿ ಬೇಸಿಗೆಯ ಮಧ್ಯಾಹ್ನ, ಕಡುಬಣ್ಣದ ಛಾವಣಿಯ ಅಡಿಯಲ್ಲಿರುವ ಅಟ್ಟದ ಉಷ್ಣತೆ 60° ಸೆಲ್ಸಿಯಸ್ ಮುಟ್ಟುವುದುಂಟು. ಈ ಶಾಖ ಸೀಲಿಂಗ್ ಮೂಲಕ ಕೋಣೆಗಳಿಗೆ ಇಳಿಯದಂತೆ ಮಾಡುವುದು ಫ್ಯಾನಿನ ಉದ್ದೇಶ. ಕೋಣೆಯ ಗಾಳಿಯನ್ನು ಅದು ನೇರವಾಗಿ ತಂಪಾಗಿಸುವುದಿಲ್ಲ.

ಇದನ್ನು 'ಇಡೀ ಮನೆಯ ಫ್ಯಾನ್' ಎಂಬ ಇನ್ನೊಂದು ಸಾಧನದೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಸೀಲಿಂಗ್‌ನಲ್ಲಿ ಕೂರಿಸುವ ಆ ದೊಡ್ಡ ಫ್ಯಾನನ್ನು ಸಂಜೆ ತಂಪಾದ ಮೇಲೆ ಕಿಟಕಿಗಳನ್ನು ತೆರೆದು ನಡೆಸುತ್ತಾರೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಳಬರು ಅದನ್ನೂ ಅಟ್ಟದ ಫ್ಯಾನ್ ಎಂದೇ ಕರೆಯುವುದರಿಂದ ಗೊಂದಲ ಹೆಚ್ಚು.

ಅಳವಡಿಕೆ

ಫ್ಯಾನನ್ನು ಛಾವಣಿಯಲ್ಲಿ ರಂಧ್ರ ಕೊರೆದು ಕೂರಿಸಬಹುದು, ಇಲ್ಲವೇ ಮನೆಯ ತುದಿಯ ತ್ರಿಕೋನಾಕಾರದ ಗೋಡೆಗೆ ಜೋಡಿಸಬಹುದು. ಎರಡನೆಯ ವಿಧಾನದಲ್ಲಿ ಮಳೆನೀರು ಸೋರುವ ಭಯ ಕಡಿಮೆ. ಸಾಮಾನ್ಯವಾಗಿ 38°ರಿಂದ 43° ಸೆಲ್ಸಿಯಸ್ ನಡುವೆ ಹೊಂದಿಸಿದ ಥರ್ಮೋಸ್ಟಾಟ್ ಫ್ಯಾನನ್ನು ತಾನಾಗಿಯೇ ಚಾಲನೆ ಮಾಡುತ್ತದೆ. ಸೌರಫಲಕದಿಂದ ನಡೆಯುವ ಮಾದರಿಗಳೂ ಇವೆ.

ಅಟ್ಟದ ಪ್ರತಿ ಚದರ ಅಡಿ ನೆಲಕ್ಕೆ ನಿಮಿಷಕ್ಕೆ 0.7 ಘನ ಅಡಿ ಗಾಳಿ ಎಂಬುದು ರೂಢಿಯ ಲೆಕ್ಕ. ಅದರಂತೆ 1,500 ಚದರ ಅಡಿಯ ಅಟ್ಟಕ್ಕೆ ನಿಮಿಷಕ್ಕೆ 1,050 ಘನ ಅಡಿ ಗಾಳಿ ಎಳೆಯುವ ಫ್ಯಾನ್ ಬೇಕು. ಆದರೆ ಹೊರಹೋದಷ್ಟೇ ಗಾಳಿ ಒಳಗೂ ಬರಬೇಕು. ಪ್ರತಿ 300 ಘನ ಅಡಿ ಸಾಮರ್ಥ್ಯಕ್ಕೆ ಒಂದು ಚದರ ಅಡಿಯಂತೆ, ಈ ಅಟ್ಟಕ್ಕೆ ಸೂರಿನ ಅಡಿಯಲ್ಲಿ 3.5 ಚದರ ಅಡಿ ತೆರಪು ಅಗತ್ಯ. ಕೀಟಗಳನ್ನು ತಡೆಯುವ ಜಾಲರಿ ಈ ತೆರಪಿನಲ್ಲಿ ಗಣನೀಯ ಭಾಗವನ್ನು ನುಂಗುತ್ತದೆ. ಉಷ್ಣನಿರೋಧಕ ಪದರವನ್ನು ಸೂರಿನವರೆಗೂ ತುರುಕಿದ್ದರೆ ಗಾಳಿಯ ದಾರಿಯೇ ಮುಚ್ಚಿಹೋಗಿರಬಹುದು. ಆದ್ದರಿಂದ ಫ್ಯಾನ್ ಕೊಳ್ಳುವ ಮೊದಲು ಸೂರನ್ನು ಪರೀಕ್ಷಿಸುವುದು ಸರಿಯಾದ ಕ್ರಮ.

ಅಪಾಯ

ಸೂರಿನಿಂದ ಗಾಳಿ ಸಾಲದಿದ್ದಾಗ ಫ್ಯಾನ್ ಅದನ್ನು ಮನೆಯೊಳಗಿನಿಂದ ಎಳೆಯುತ್ತದೆ. ದೀಪಗಳ ರಂಧ್ರ, ತಂತಿಗಳ ಸಂದು, ಅಟ್ಟದ ಬಾಗಿಲಿನ ಅಂಚುಗಳ ಮೂಲಕ ಹವಾನಿಯಂತ್ರಕ ತಂಪಾಗಿಸಿದ ಗಾಳಿ ಮೇಲೇರಿ ಹೊರಹೋಗುತ್ತದೆ. ಉಳಿಸಬೇಕಾದ ವಿದ್ಯುತ್ ಹೀಗೆ ವ್ಯರ್ಥವಾಗುತ್ತದೆ. ಅದಕ್ಕಿಂತ ಗಂಭೀರವಾದುದು ಇನ್ನೊಂದು. ಮನೆಯೊಳಗಿನ ಗಾಳಿಯ ಒತ್ತಡ ಕುಗ್ಗಿದರೆ, ಅನಿಲದಿಂದ ಉರಿಯುವ ನೀರಿನ ಹಂಡೆಯ ಹೊಗೆ ಚಿಮಣಿಯಲ್ಲಿ ಮೇಲೇರದೆ ಕೋಣೆಗೆ ಹಿಂದಿರುಗಬಹುದು. ಅದರಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಂತಿಕ. ಇಂತಹ ಹಂಡೆಯಿರುವ ಮನೆಯಲ್ಲಿ ಫ್ಯಾನ್ ಅಳವಡಿಸಿದ ಬಳಿಕ ಹೊಗೆಯ ಹರಿವನ್ನು ತಜ್ಞರಿಂದ ಪರೀಕ್ಷಿಸುವುದು ಮತ್ತು ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ಇಡುವುದು ಅತ್ಯಗತ್ಯ. ಸೀಲಿಂಗ್‌ನ ಸಂದುಗಳ ಬಳಿ ಊದುಬತ್ತಿ ಹಿಡಿದರೆ, ಫ್ಯಾನ್ ಓಡುವಾಗ ಗಾಳಿ ಎಲ್ಲೆಲ್ಲಿ ಮೇಲೇರುತ್ತಿದೆ ಎಂಬುದು ತಿಳಿಯುತ್ತದೆ.

ಪ್ರಯೋಜನದ ಮಿತಿ

ಕಾದ ಛಾವಣಿಯಿಂದ ಶಾಖದ ದೊಡ್ಡ ಪಾಲು ವಿಕಿರಣದ ರೂಪದಲ್ಲಿ ಕೆಳಗಿಳಿಯುತ್ತದೆ. ಗಾಳಿಯನ್ನು ಬದಲಿಸಿದ ಮಾತ್ರಕ್ಕೆ ಅದು ನಿಲ್ಲದು. ಹೀಗಾಗಿ ಮೊದಲು ಸೀಲಿಂಗ್‌ನ ಸಂದುಗಳನ್ನು ಮುಚ್ಚಿ, ಉಷ್ಣನಿರೋಧಕ ಪದರವನ್ನು ದಪ್ಪಗೊಳಿಸುವುದೇ ಹೆಚ್ಚು ಫಲಕಾರಿ. ಇವೆರಡೂ ಸರಿಯಾಗಿರುವ ಮನೆಯಲ್ಲಿ ಫ್ಯಾನಿನಿಂದಾಗುವ ಹೆಚ್ಚುವರಿ ಉಳಿತಾಯ ಅಲ್ಪ.

ಕರ್ನಾಟಕದ ಕಾಂಕ್ರೀಟ್ ತಾರಸಿಯ ಮನೆಗಳಲ್ಲಿ ಛಾವಣಿಯ ಕೆಳಗೆ ಇಂತಹ ಅಟ್ಟವಿಲ್ಲದಿರುವುದರಿಂದ ಈ ಸಾಧನಕ್ಕೆ ಅವಕಾಶವಿಲ್ಲ. ಕರಾವಳಿ ಮತ್ತು ಮಲೆನಾಡಿನ ಮಂಗಳೂರು ಹೆಂಚಿನ ಮನೆಗಳಲ್ಲಿ ಅಟ್ಟವಿದ್ದರೂ, ಹೆಂಚುಗಳ ಸಂದಿನಿಂದಲೇ ಬಿಸಿಗಾಳಿ ಹೊರಹೋಗುತ್ತದೆ. ಕಾರ್ಖಾನೆಗಳ ತಗಡಿನ ಛಾವಣಿಯ ಮೇಲೆ ತಿರುಗುವ ಗೋಳಾಕಾರದ ಗಾಳಿಯಂತ್ರಗಳು ಇದೇ ಕೆಲಸವನ್ನು ವಿದ್ಯುತ್ತಿಲ್ಲದೆ ಮಾಡುತ್ತವೆ.